‘ನಮ್ಮನೆ’ಗೆ ಬಂದು ಸೇರಿದ ಫೋನು

ಲೈನು ಎಳೆಯಲು ಬಂದವನು ಹೇಳಿದ ಮೊದಲ ಮಾತೇ ಟೈಪಿಸ್ಟಮ್ಮನಿಗೆ ಹಿಡಿಸಿತು.

“ಹೊಸ ರೂಟರ್ ಯಾಕೆ ಮೇಡಂ? ಇದೇ ಗಟ್ಟಿಮುಟ್ಟಾಗಿದೆಯಲ್ಲ. ಇದಕ್ಕೇ ಚುಚ್ಚಿಬಿಡ್ತೀನಿ.”

ಗಟ್ಟಿಮುಟ್ಟಾಗಿರದೆ ಏನು? ಐದು ವರ್ಷದ ಹಿಂದೆ ತನ್ನ ದುಡಿಮೆಯಲ್ಲಿ ಕೊಂಡದ್ದು. ಹನ್ನೊಂದು ವಾರದ ಹಿಂದೆ, ಗಂಡ ಎರಡು ದಿನ ಊರಲ್ಲಿಲ್ಲದ ಸಮಯ ನೋಡಿ, ಒಂದು ಚಿಕ್ಕ ಗೂಡ್ಸ್ ಗಾಡಿ ಕರೆಸಿ ಆ ಮನೆಯಿಂದ ಹೊರಬಿದ್ದಾಗ ಅವಳು ತಂದದ್ದು ತನ್ನದು ಎಂದು ಎದೆ ತಟ್ಟಿ ಹೇಳಬಹುದಾದಷ್ಟನ್ನೇ: ಮಗಳು, ಕಂಪ್ಯೂಟರು, ಪ್ರಿಂಟರು, ಬಟ್ಟೆಯ ಎರಡು ಚೀಲ. ಗಾಡಿ ಹೊರಡುವ ಹೊತ್ತಿಗೆ ಮತ್ತೆ ಒಳಗೆ ಓಡಿ ಈ ರೂಟರನ್ನೂ ಗೋಡೆಯಿಂದ ಕಿತ್ತು ಟವೆಲಿನಲ್ಲಿ ಸುತ್ತಿಕೊಂಡು ಬಂದಿದ್ದಳು. ಹೊಸ ಮನೆಯಲ್ಲಿ ಬೇಕಾಗುತ್ತದೆ ಎಂಬ ಮುಂದಾಲೋಚನೆ ಅದು ಎಂದು ಅವಳು ಹೇಳಿಕೊಳ್ಳುತ್ತಾಳೆ. ನಾನು ನಂಬುವುದಿಲ್ಲ. ಅವನು ವಾಪಸ್ ಬಂದು ಸೋಫಾದ ಮೇಲೆ ಕಾಲು ಚಾಚಿ ಫೋನು ತೆಗೆದಾಗ ಬಾಯಿ ಬಾಯಿ ಬಿಡಲಿ ಎಂಬ ಹೊಟ್ಟೆಯುರಿಯೇ ಅದರಲ್ಲಿ ಮುಕ್ಕಾಲು ಪಾಲು. ಏಳು ವರ್ಷ ಬಾಯಿ ಮುಚ್ಚಿಕೊಂಡಿದ್ದವಳಿಗೆ ಅಷ್ಟೂ ಇರಬಾರದೇ?

ಇನ್ನು ಅವಳ ಕೆಲಸ. ಆಸ್ಪತ್ರೆಯ ಡಾಕ್ಟರುಗಳು ರೋಗಿಗಳ ವಿವರವನ್ನು ಬಾಯಲ್ಲಿ ಹೇಳಿ ಕಳಿಸುತ್ತಾರೆ. ಇವಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿ, ಟೈಪ್ ಮಾಡಿ ವಾಪಸ್ ಕಳಿಸಬೇಕು. ಮನೆಗೆ ನೆಟ್ ಇಲ್ಲದ ಈ ಹನ್ನೊಂದು ವಾರವೂ ಎದುರಿನ ಜೆರಾಕ್ಸ್ ಅಂಗಡಿಯ ಮೂಲೆಯಲ್ಲಿ, ಮಷೀನಿನ ಗರಗರ ಸದ್ದಿನ ನಡುವೆ ಕೂತು ಟೈಪ್ ಮಾಡಿದ್ದಾಳೆ. ಟೈಪಿಸ್ಟಮ್ಮ ಎಂದು ಹೆಸರಿಟ್ಟದ್ದು ಆ ಅಂಗಡಿಯವರೇ. ತನ್ನ ನಿಜವಾದ ಹೆಸರನ್ನು ಅವಳು ಈ ಬೀದಿಯಲ್ಲಿ ಯಾರಿಗೂ ಹೇಳಿರಲಿಲ್ಲ.

ಹೇಳದಿರುವುದಕ್ಕೆ ಕಾರಣವಿತ್ತು. “ಕೋರ್ಟಿನ ಆದೇಶ ಕೈಗೆ ಬರೋವರೆಗೆ ನೀವು ಎಲ್ಲಿದ್ದೀರಿ ಅಂತ ಒಂದು ನರಪಿಳ್ಳೆಗೂ ಗೊತ್ತಾಗಬಾರದು” ಎಂದಿದ್ದರು ವಕೀಲೆ. “ಇನ್ನೊಂದೇ ವಾರ. ಅಷ್ಟರೊಳಗೆ ಅವನು ಮಗೂನ ಎತ್ಕೊಂಡು ಹೋದ್ರೆ, ವಾಪಸ್ ತರೋಕೆ ವರ್ಷಗಟ್ಟಲೆ ಓಡಾಡಬೇಕಾಗ್ತದೆ.” ಅವರು ಹೆದರಿಸಲು ಹೇಳಿದ್ದಲ್ಲ. ಅವನು ಒಮ್ಮೆ ಹಾಗೆ ಮಾಡಿಯೂ ಇದ್ದ. ಹಳೆಯ ಶಾಲೆಯ ಗೇಟಿನಿಂದಲೇ ಮಗಳನ್ನು ಕರೆದುಕೊಂಡು ಹೋಗಿ ನಾಲ್ಕು ದಿನ ಎಲ್ಲೋ ಇಟ್ಟಿದ್ದ. ನಾಲ್ಕನೆಯ ದಿನ ಮನೆಗೆ ಬಂದ ಮಗು ಆಮೇಲೆ ಒಂದು ತಿಂಗಳು ಅಮ್ಮನ ಸೆರಗು ಬಿಟ್ಟು ಬಚ್ಚಲಿಗೂ ಹೋಗಲಿಲ್ಲ. ಆ ಮಗುವಿಗೆ ಈಗ ಆರು ವರ್ಷ. ಖಾರವಾಗಿ ಮಾತಾಡುತ್ತಾಳೆಂದು ಅಮ್ಮ ಅವಳನ್ನು ಮೆಣಸು ಎಂದು ಕರೆಯುತ್ತಾಳೆ.

ಲೈನಿನವನು ಕಿಟಕಿಯ ಪಕ್ಕದಲ್ಲಿ ಗೋಡೆ ಕೊರೆದು, ಕೂದಲೆಳೆಯಂಥ ತಂತಿಯನ್ನು ಒಳಗೆ ತಂದು, ಬಿಳಿಯ ಚಿಕ್ಕ ಡಬ್ಬವೊಂದಕ್ಕೆ ಸಿಕ್ಕಿಸಿದ. ಅಲ್ಲಿಂದ ಒಂದು ಹಳದಿ ತಂತಿ ಅವಳ ರೂಟರಿಗೆ. ರೂಟರಿನ ದೀಪ ಮೊದಲು ಕೆಂಪಾಯಿತು, ಆಮೇಲೆ ಮಿಟುಕಿತು, ಆಮೇಲೆ ಹಸಿರಾಗಿ ನಿಂತಿತು.

“ಹೆಸರು, ಪಾಸ್‌ವರ್ಡ್ ಹೊಸದು ಹಾಕೋದಾ ಮೇಡಂ?”

“ಅಯ್ಯೋ ಬೇಡಪ್ಪಾ! ಇರೋದೇ ಇರಲಿ. ಹಳೇ ಮನೇಲಿ ಆ ಪ್ರಿಂಟರಿಗೆ ಪಾಸ್‌ವರ್ಡ್ ಕಲಿಸೋಕೆ ಮೂರು ಸಂಜೆ ಹಿಡೀತು. ಒಂದೊಂದು ಅಕ್ಷರಕ್ಕೂ ಬಾಣದ ಗುರುತು ಒತ್ತಿ ಒತ್ತಿ ಬೆರಳು ಸವೆದುಹೋಯ್ತು. ಮತ್ತೆ ಆ ಕರ್ಮ ಯಾರಿಗೆ ಬೇಕು?”

“ಅದೂ ಸರಿಯೇ. ಹೆಸರು ಬದಲಾಗದಿದ್ರೆ ಎಲ್ಲಾ ತಾವಾಗೇ ಬಂದು ಸೇರ್ಕೊಳ್ತವೆ” ಎಂದು ಅವನು ತನ್ನ ಡ್ರಿಲ್ಲಿಂಗ್ ಮಷೀನನ್ನು ಚೀಲಕ್ಕೆ ತುಂಬಿದ. “ಅಂದಹಾಗೆ, ಬೀದಿ ತುದಿಯಲ್ಲಿ ನಮ್ಮೋರೇ ಗುಂಡಿ ತೋಡಿದ್ದಾರೆ. ಸಂಜೆ ಮುಚ್ತಾರೆ. ನೋಡ್ಕೊಂಡು ಓಡಾಡಿ.”

ಅವನು ಹೇಳಿದಂತೆಯೇ ಆಯಿತು. ನೆಟ್‌ವರ್ಕಿನ ಹೆಸರು ‘ನಮ್ಮನೆ’. ಅವಳೇ ಇಟ್ಟ ಹೆಸರು. ಮದುವೆಯಾಗಿ ಎರಡನೆಯ ವರ್ಷ, ಇನ್ನೂ ಅಂಥ ಹೆಸರಿಡುವ ಹುಮ್ಮಸ್ಸಿದ್ದ ಕಾಲದಲ್ಲಿ. ಫೋನು ತಾನಾಗಿ ಸೇರಿತು. ಕಂಪ್ಯೂಟರು ಸೇರಿತು. ಮೆಣಸಿನ ಪುಟ್ಟ ಟ್ಯಾಬು ಸೇರಿತು. ಯಾವತ್ತೂ ಹೇಳಿದ ಮಾತು ಕೇಳದ ಪ್ರಿಂಟರು ಕೂಡ ಒಮ್ಮೆ ಕೆಮ್ಮಿ ಎದ್ದು ಕೂತಿತು. ಫೋನಿನಲ್ಲಿ ರೂಟರಿನ ಆ್ಯಪ್ ತೆರೆದರೆ ಯಾವ ಯಾವ ಯಂತ್ರ ಸೇರಿದೆ ಎಂದು ಸಾಲಾಗಿ ಪಟ್ಟಿ ಬರುತ್ತದೆ. ಯಾವುದು ಎಷ್ಟು ಹತ್ತಿರವಿದೆ ಎಂದು ಪಕ್ಕದಲ್ಲಿ ಪುಟ್ಟ ಗೆರೆಗಳು. ನಾಲ್ಕು ಹೆಸರು, ನಾಲ್ಕಕ್ಕೂ ನಾಲ್ಕು ನಾಲ್ಕು ಗೆರೆ. ಎಷ್ಟೋ ದಿನದ ಮೇಲೆ ಅವಳಿಗೆ ತನ್ನ ಸಂಸಾರ ಒಂದು ಸಾಲಿನಲ್ಲಿ ನಿಂತು ಹಾಜರಿ ಹೇಳಿದಂತೆ ಅನಿಸಿತು. ಖುಷಿಯಿಂದ ಟೀ ಮಾಡಿಕೊಂಡು ಕುಡಿದಳು.

ಮೂರು ಗಂಟೆಗೆ ಹತ್ತು ನಿಮಿಷವಿತ್ತು. ಯಾರದೋ ಮೂತ್ರಪಿಂಡದ ವರದಿಯ ನಡುವೆ ಇದ್ದಳು. ಮೇಜಿನ ಮೇಲಿನ ಫೋನು ಒಮ್ಮೆ ನಡುಗಿತು. ರೂಟರಿನ ಆ್ಯಪ್ ಸುದ್ದಿ ಕಳಿಸಿತ್ತು.

‘ಬಾಸ್’ ನಿಮ್ಮ ನೆಟ್‌ವರ್ಕಿಗೆ ಸೇರಿದೆ.

ಬಾಸ್ ಎಂಬುದು ಅವಳ ಗಂಡನ ಫೋನಿನ ಹೆಸರು. ಫೋನಿಗೆ ಹೆಸರಿಡಬಹುದು ಎಂದು ತಿಳಿದ ದಿನವೇ ಅವನು ಹಾಗೆಂದು ಬರೆದುಕೊಂಡು, ನಗುತ್ತಾ ಅವಳಿಗೆ ತೋರಿಸಿದ್ದ. ಹೆಂಡತಿಯೂ ನಗಬೇಕಾಗಿತ್ತು, ನಕ್ಕಿದ್ದಳು.

ಹೆಡ್‌ಫೋನಿನಲ್ಲಿ ಡಾಕ್ಟರು ಇನ್ನೂ ಮಾತಾಡುತ್ತಲೇ ಇದ್ದರು. ಅವಳು ಅದನ್ನು ಕಿವಿಯಿಂದ ತೆಗೆದು ಮೇಜಿನ ಮೇಲಿಟ್ಟಳು. ಮನೆಯಲ್ಲಿ ಗೋಡೆ ಗಡಿಯಾರದ ಸದ್ದು, ನಲ್ಲಿಯ ತೊಟ್ಟಿನ ಸದ್ದು, ಮೆಟ್ಟಿಲ ಮೇಲೆ ಯಾರದೋ ಚಪ್ಪಲಿಯ ಸದ್ದು. ಚಪ್ಪಲಿ ಅವಳ ಬಾಗಿಲ ಮುಂದೆ ಬಂತು. ಚಪ್ಪಲಿ ಮೇಲಿನ ಮಹಡಿಗೆ ಹತ್ತಿ ಹೋಯಿತು.

ಆಗ ಅವಳಿಗೆ ತಾನು ಮಾಡಿಕೊಂಡದ್ದು ಏನೆಂದು ಪೂರ್ತಿ ಅರ್ಥವಾಯಿತು. ಹೆಸರು ಬದಲಾಗದಿದ್ದರೆ ಎಲ್ಲಾ ತಾವಾಗೇ ಬಂದು ಸೇರಿಕೊಳ್ಳುತ್ತವೆ. ಎಲ್ಲಾ ಎಂದರೆ ಎಲ್ಲಾ. ಅದೇ ಹೆಸರು, ಅದೇ ಪಾಸ್‌ವರ್ಡು. ಐದು ವರ್ಷ ಆ ಮನೆಯಲ್ಲಿ ಇದಕ್ಕೇ ಅಂಟಿಕೊಂಡಿದ್ದ ಅವನ ಫೋನು ಬೀದಿಗೆ ಕಾಲಿಟ್ಟ ಕೂಡಲೇ ಗುರುತು ಹಿಡಿದು ಒಳಗೆ ಬಂದಿದೆ. ವಿಳಾಸ ಮುಚ್ಚಿಡಲು ಹನ್ನೊಂದು ವಾರ ಹೆತ್ತಮ್ಮನಿಗೂ ಫೋನು ಮಾಡದೆ ಇದ್ದವಳು, ಒಂದು ಪ್ರಿಂಟರಿನ ಮೇಲಿನ ಸೋಮಾರಿತನಕ್ಕೆ ಇಡೀ ಬೀದಿಗೆ ಕೇಳುವಂತೆ ಡಂಗುರ ಹೊಡೆಸಿದ್ದಳು. ತಲೆ ತಲೆ ಚಚ್ಚಿಕೊಂಡಳು.

ತಂತಿ ಕಿತ್ತುಬಿಡೋಣವೆಂದು ಎದ್ದಳು. ಕೈ ಪ್ಲಗ್ಗಿನವರೆಗೆ ಹೋಗಿ ನಿಂತಿತು.

ಕಿತ್ತರೆ ಪಟ್ಟಿ ಹೋಗುತ್ತದೆ. ಪಟ್ಟಿ ಹೋದರೆ ಅವನು ಬೀದಿಯಲ್ಲಿದ್ದಾನೋ ಹೋದನೋ ತಿಳಿಯುವುದು ಹೇಗೆ? ಮೂರೂವರೆಗೆ ಶಾಲೆಯ ವ್ಯಾನು ಬರುತ್ತದೆ. ಮೆಣಸು ಗೇಟಿನ ಮುಂದೆ ಇಳಿಯುತ್ತಾಳೆ. ಇಳಿದು, ಯಾವತ್ತಿನಂತೆ ನೀರಿನ ಬಾಟಲಿ ಬೀಳಿಸಿ, ಅದನ್ನು ಹೆಕ್ಕಿ, ವ್ಯಾನಿನ ಒಳಗಿರುವ ಪ್ರತಿಯೊಬ್ಬರಿಗೂ ಟಾಟಾ ಹೇಳಿ, ಆಮೇಲೆ ಒಳಗೆ ಬರುತ್ತಾಳೆ. ಅವನಿಗೆ ಅಷ್ಟು ಹೊತ್ತು ಬೇಕೇ ಇಲ್ಲ. ಆದರೆ ಹಾಗೇ ಬಿಟ್ಟರೆ, ಅವನು ಫೋನು ತೆಗೆದು ಮೂಲೆಯಲ್ಲಿ ‘ನಮ್ಮನೆ’ ಎಂದು ನೋಡಿದರೆ? ಅಥವಾ ಈಗಾಗಲೇ ನೋಡಿದ್ದರೆ?

ಹೆದರಿದವರ ಬುದ್ಧಿ ಕೆಲಸ ಮಾಡುವುದಿಲ್ಲ ಎನ್ನುತ್ತಾರಲ್ಲ, ಅವರು ಯಾವತ್ತೂ ಸರಿಯಾಗಿ ಹೆದರಿದವರಲ್ಲ. ಟೈಪಿಸ್ಟಮ್ಮನ ಬುದ್ಧಿ ಆ ಹೊತ್ತಿನಲ್ಲಿ ಹತ್ತು ದಿಕ್ಕಿಗೆ ಓಡಿತು. ವಕೀಲೆಗೆ ಫೋನು ಮಾಡಿದಳು. ಸ್ವಿಚ್ ಆಫ್, ಕೋರ್ಟಿನೊಳಗಿರಬೇಕು. ವ್ಯಾನಿನ ಅಣ್ಣನಿಗೆ ಮಾಡಿದಳು. ಬೀದಿಗೆ ಬರಬೇಡಿ, ಮಗೂನ ಶಾಲೆಗೇ ವಾಪಸ್ ಕರ್ಕೊಂಡು ಹೋಗಿ ಎನ್ನಬೇಕಿತ್ತು. ಗಂಟೆ ಹೊಡೆದುಕೊಂಡೇ ಹೋಯಿತು. ಆ ಮನುಷ್ಯ ಗಾಡಿ ಓಡಿಸುವಾಗ ಫೋನು ಮುಟ್ಟುವವನಲ್ಲ. ಹೋದ ತಿಂಗಳಷ್ಟೇ ಅವಳು ಅದಕ್ಕಾಗಿ ಅವನನ್ನು ಎಲ್ಲರೆದುರು ಹೊಗಳಿದ್ದಳು. ಈಗ ಮನಸ್ಸಿನಲ್ಲೇ ಅವನ ಜನ್ಮ ಜಾಲಾಡಿದಳು.

ಮತ್ತೆ ಪಟ್ಟಿ ನೋಡಿದಳು. ಬಾಸ್, ಒಂದು ಗೆರೆ. ಸ್ವಲ್ಪ ಹೊತ್ತಿಗೆ ಎರಡು ಗೆರೆ. ಮತ್ತೆ ಒಂದು. ಅವನು ಅತ್ತಿತ್ತ ಓಡಾಡುತ್ತಿದ್ದಾನೆ. ಪ್ರತಿ ಗೇಟಿನ ಮುಂದೆ ನಿಂತು ಹೆಸರಿನ ಫಲಕ ಓದುತ್ತಿದ್ದಾನೆ. ಅವನ ಅಭ್ಯಾಸವೇ ಹಾಗೆ. ಏನನ್ನಾದರೂ ಹುಡುಕುವಾಗ ಅವಸರವಿಲ್ಲ, ಒಂದೊಂದೇ ಡ್ರಾಯರು ಎಳೆದು, ಬಗ್ಗಿ ನೋಡಿ, ಮೆಲ್ಲಗೆ ಮುಚ್ಚುತ್ತಾನೆ. ಕೂಗಾಡುವುದೆಲ್ಲ ಸಿಕ್ಕ ಮೇಲೆ.

ಕಿಟಕಿಯ ಪರದೆಯನ್ನು ಎರಡು ಬೆರಳಿನಷ್ಟು ಸರಿಸಿದಳು. ಕೆಳಗೆ ಬೀದಿ ಮಧ್ಯಾಹ್ನದ ಬಿಸಿಲಿಗೆ ಮಂಕಾಗಿ ಬಿದ್ದಿತ್ತು. ಇಸ್ತ್ರಿ ಅಂಗಡಿಯವನು ನೀರು ಚಿಮುಕಿಸುತ್ತಿದ್ದ. ಸೈಕಲ್ ರಿಪೇರಿಯವನು ಟ್ಯೂಬನ್ನು ಬಕೆಟಿನಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಿದ್ದ. ಜೆರಾಕ್ಸ್ ಅಂಗಡಿಯ ಚಪ್ಪರದಡಿ ನಾಲ್ಕೈದು ಜನ ಕಾಗದ ಹಿಡಿದು ಕಾಯುತ್ತಿದ್ದರು. ಅದರಾಚೆ, ಮರದ ಕೆಳಗೆ, ಬೈಕಿನ ಮೇಲೆ ಹೆಲ್ಮೆಟ್ ಹಾಕಿದ ಒಬ್ಬ ಗಂಡಸು. ಅದೇ ಅಗಲದ ಬೆನ್ನು. ಕುತ್ತಿಗೆ ಬಲಕ್ಕೆ ವಾಲಿಸಿ ಫೋನು ನೋಡುವ ಅದೇ ಠೀವಿ. ಇಷ್ಟು ದೂರದಿಂದಲೂ ಆ ಬೆನ್ನು ನೋಡಿ ಅವಳ ಎಡ ಮಣಿಕಟ್ಟು ತಾನಾಗಿ ಹಿಂದಕ್ಕೆ ಸರಿಯಿತು.

ಹೆಲ್ಮೆಟ್ಟಿನವನು ಹೆಲ್ಮೆಟ್ ತೆಗೆದು ಬೋಳು ತಲೆಯ ಬೆವರು ಒರೆಸಿಕೊಂಡ. ಯಾರೋ ಏನೋ. ಗಾಡಿ ಶುರು ಮಾಡಿ ಹೊರಟುಹೋದ. ಪಟ್ಟಿಯಲ್ಲಿ ಬಾಸ್ ಅಲ್ಲೇ ಇತ್ತು. ಎರಡು ಗೆರೆ.

ಮೂರು ಇಪ್ಪತ್ತಕ್ಕೆ ತೀರ್ಮಾನ ಮಾಡಿದಳು. ವ್ಯಾನು ಯಾವಾಗಲೂ ಬಲಗಡೆಯ ತುದಿಯಿಂದ ಬರುತ್ತದೆ. ಅಲ್ಲಿಗೆ ಓಡಿ, ತಿರುವಿನಲ್ಲೇ ಅದನ್ನು ನಿಲ್ಲಿಸಿ, ಒಳಗೆ ಹತ್ತಿ ಕೂತುಬಿಡುವುದು. ಅಮ್ಮ ಮಗಳಿಬ್ಬರೂ ವ್ಯಾನಿನಲ್ಲೇ ಉಳಿದ ಮಕ್ಕಳ ಮನೆಗಳನ್ನೆಲ್ಲ ಸುತ್ತಲಿ. ಮುಖಕ್ಕೆ ಮಾಸ್ಕ್ ಹಾಕಿಕೊಂಡಳು, ಛತ್ರಿ ತೆಗೆದುಕೊಂಡಳು, ಬಾಗಿಲಿಗೆ ಬೀಗ ಹಾಕಿದಳು. ಬೀಗ ಹಾಕಿದ ಮೇಲೆ ಮತ್ತೆರಡು ಸಲ ಎಳೆದು ನೋಡಿದಳು. ಮೆಟ್ಟಿಲಿಳಿಯುತ್ತಾ ಫೋನು ನೋಡಿದರೆ ಬಾಸಿನ ಮುಂದೆ ಅದೇ ಎರಡು ಗೆರೆ. ಒಂದು ಕ್ಷಣ ಧೈರ್ಯವೂ ಬಂತು. ಆಮೇಲೆ ಹೊಳೆಯಿತು: ಆ ಗೆರೆಗಳು ಅವನಿಗೂ ರೂಟರಿಗೂ ಇರುವ ದೂರ, ಅವನಿಗೂ ತನಗೂ ಇರುವ ದೂರವಲ್ಲ. ಗೇಟು ದಾಟಿದ ಮೇಲೆ ತಾನು ನೇರವಾಗಿ ಅವನ ಎದೆಗೇ ಹೋಗಿ ಗುದ್ದಿಕೊಂಡರೂ ಅದು ಎರಡೇ ಗೆರೆ ತೋರಿಸುತ್ತದೆ.

ಗೇಟಿನ ಕಂಬ ಹಿಡಿದುಕೊಂಡು ನಿಂತಳು. ಓಡಿದರೆ ಕಾಣುತ್ತೇನೆ ಎಂದು ನಡೆದಳು. ನಡೆದರೆ ತಡವಾಗುತ್ತದೆ ಎಂದು ಓಡಿದಳು. ಬಲಗಡೆಯ ತುದಿಗೆ ಬಂದು ನೋಡುತ್ತಾಳೆ, ರಸ್ತೆಗೆ ಅಡ್ಡಲಾಗಿ ಮೊಣಕಾಲುದ್ದದ ಗುಂಡಿ, ಮಣ್ಣಿನ ರಾಶಿ, ಕೆಂಪು ಬಟ್ಟೆ ಕಟ್ಟಿದ ಕೋಲು. ಬೆಳಿಗ್ಗೆ ಅವಳ ಮನೆಗೆ ಬಂದ ಕೂದಲೆಳೆಯಂಥ ತಂತಿಗಾಗಿಯೇ ತೋಡಿದ ಗುಂಡಿ ಅದು. ಇಲ್ಲಿಂದ ವ್ಯಾನು ಬರುವ ಹಾಗೇ ಇಲ್ಲ.

ಹಿಂದಿನಿಂದ ಹಾರನ್ ಕೇಳಿಸಿತು. ತಿರುಗಿದಳು. ಹಳದಿ ವ್ಯಾನು ಎಡಗಡೆಯ ತುದಿಯಿಂದ ಬೀದಿಗೆ ನುಗ್ಗಿ, ಅವಳ ಗೇಟನ್ನೂ ತಲುಪದೆ, ಜೆರಾಕ್ಸ್ ಅಂಗಡಿಯ ಮುಂದೆಯೇ ನಿಂತುಬಿಟ್ಟಿತ್ತು. ಬಾಗಿಲು ತೆರೆಯಿತು. ಮೊದಲು ನೀರಿನ ಬಾಟಲಿ ಬಿತ್ತು.

ಟೈಪಿಸ್ಟಮ್ಮ ಛತ್ರಿ ಬಿಸಾಡಿ ಓಡಿದಳು. ಬೀದಿಯ ಆ ತುದಿಯಿಂದ ಅಂಗಡಿಯವರೆಗೆ ನೂರು ಹೆಜ್ಜೆಯೂ ಇರಲಿಕ್ಕಿಲ್ಲ. ಅವಳಿಗೆ ಅದು ಮುಗಿಯಲೇ ಇಲ್ಲ. ಓಡುತ್ತಾ ಓಡುತ್ತಾ ಎಲ್ಲ ಗಂಡಸರ ಮುಖ ನೋಡಿದಳು. ಇಸ್ತ್ರಿಯವನು, ಸೈಕಲ್‌ನವನು, ಕಾಗದ ಹಿಡಿದು ನಿಂತವರು. ಅವನಿಲ್ಲ. ಅವನಿಲ್ಲ. ಅವನಿಲ್ಲ.

“ಅಜ್ಜೀ!”

ಮೆಣಸಿನ ಕೂಗು ಬೀದಿಗೆಲ್ಲ ಕೇಳಿಸಿತು. ಜೆರಾಕ್ಸ್ ಅಂಗಡಿಯ ಚಪ್ಪರದಡಿ, ಬೆಂಚಿನ ಮೇಲೆ, ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದ ಮುದುಕಿಯ ಮಡಿಲಿಗೆ ಮಗು ಬ್ಯಾಗಿನ ಸಮೇತ ಹೋಗಿ ಬಿದ್ದಿತ್ತು. ಮುದುಕಿಯ ಒಂದು ಕೈ ಮಗುವಿನ ಬೆನ್ನ ಮೇಲಿತ್ತು. ಇನ್ನೊಂದರಲ್ಲಿ ಫೋನಿತ್ತು.

ಅತ್ತೆ. ಗಂಡಸನ್ನು ಹುಡುಕುತ್ತಿದ್ದ ಕಣ್ಣಿಗೆ ಅರ್ಧ ಗಂಟೆಯಿಂದ ಅಲ್ಲೇ ಕೂತಿದ್ದ ಮುದುಕಿ ಕಂಡಿರಲಿಲ್ಲ.

ಭಯ ಇಳಿಯಲಿಲ್ಲ, ಬೇರೆ ಕಡೆಗೆ ತಿರುಗಿತು. ಈ ಅತ್ತೆ ಒಂದು ದಿನವೂ ಅವಳ ಮೇಲೆ ಕೈ ಎತ್ತಿದವರಲ್ಲ. ಮಗ ಕೂಗಾಡಲು ಶುರುಮಾಡಿದರೆ ಅಡುಗೆಮನೆಯ ಬಾಗಿಲು ಹಾಕಿಕೊಂಡು, ಎಲ್ಲ ಮುಗಿದ ಮೇಲೆ ಹೊರಗೆ ಬಂದು “ಊಟ ಮಾಡು ಬಾ” ಎನ್ನುತ್ತಿದ್ದವರು. ಮಗ ಕಳಿಸಿದ್ದರೆ ಬರುವವರೇ. ಮಗುವನ್ನು ಹಿಡಿದುಕೊಂಡು ಕೂತಿರು ಎಂದರೆ ಹಿಡಿದುಕೊಂಡು ಕೂರುವವರೇ.

“ಬಿಡಿ ಅವಳನ್ನ” ಎಂದಳು ಟೈಪಿಸ್ಟಮ್ಮ. ಗದರಬೇಕೆಂದಿದ್ದಳು, ಸಣ್ಣ ದನಿ ಹೊರಟಿತು. “ಎಲ್ಲಿ ಅವರು? ಎಲ್ಲಿ ನಿಂತಿದ್ದಾರೆ?”

“ಅವನಿಲ್ಲ. ನಾನೊಬ್ಬಳೇ.” ಅತ್ತೆ ತಲೆ ಎತ್ತಲಿಲ್ಲ. “ಹೋದ ವಾರ ಕಣ್ಣಿಗೆ ಆಪರೇಷನ್ ಆಯ್ತು. ಆಚೆ ಬೀದಿ ಆಸ್ಪತ್ರೇಲಿ. ಇವತ್ತು ಮತ್ತೆ ತೋರಿಸೋದಿತ್ತು, ಅವನು ಅಲ್ಲಿ ಬಿಟ್ಟು ಹೋಗಿದ್ದಾನೆ. ಏನೋ ಕಾಗದದ ಜೆರಾಕ್ಸ್ ಬೇಕು ಅಂದ್ರು ಅವರು, ಅದಕ್ಕೆ ಈ ಕಡೆ ಬಂದೆ.”

“ಮತ್ತೆ ಈ ಫೋನು?”

“ಅವನು ಹೊಸದು ತಗೊಂಡ. ಇದನ್ನ ನನಗೆ ಕೊಟ್ಟ. ದುಡ್ಡು ಹಾಕಿಸಿಲ್ಲ ಇದಕ್ಕೆ, ಮನೇಲಿ ಮಾತ್ರ ನಡೀತದೆ. ಬೀದೀಲಿ ಸತ್ತ ಹಾಗೆ ಬಿದ್ದಿರ್ತದೆ. ಇಲ್ಲಿಗೆ ಬಂದು ಕಾಗದ ತೆಗೀತಾ ಇದ್ದೀನಿ, ಟಣ್ ಟಣ್ ಅಂತ ಒಂದೇ ಸಮ ಬಡ್ಕೊಳ್ಳೋಕೆ ಶುರು ಮಾಡ್ತು. ನೋಡಿದ್ರೆ ‘ನಮ್ಮನೆ’ ಅಂತಿದೆ. ಆ ಡಬ್ಬ ಹೊತ್ಕೊಂಡು ಹೋದಳು ಅಂತ ಅವನು ಮನೆಯೆಲ್ಲ ಕಿತ್ತು ಹಾಕಿದ್ದ. ಹಾಗಾದ್ರೆ ಇಲ್ಲೇ ಎಲ್ಲೋ ಇದ್ದೀರಿ ಅಂತ ತಿಳೀತು. ಒಂದು ಸಲ ಮಗೂನ ನೋಡಿಬಿಡೋಣ ಅಂತ ಕೂತೆ. ತಪ್ಪಾಯ್ತೇನೋ.”

“ಅಜ್ಜಿ, ನೀನ್ಯಾಕೆ ಪೊಲೀಸ್ ಥರ ಕನ್ನಡಕ ಹಾಕಿದ್ದೀಯಾ?” ಎಂದಳು ಮೆಣಸು. “ನಮ್ಮನೆಗೆ ಬಾ, ತೋರಿಸ್ತೀನಿ. ಅಲ್ಲೇ, ಆ...”

ಅತ್ತೆಯ ಕೈ ಥಟ್ಟನೆ ಮಗುವಿನ ಬಾಯಿ ಮುಚ್ಚಿತು. ಟೈಪಿಸ್ಟಮ್ಮ ಮಗುವನ್ನು ಎಳೆದುಕೊಳ್ಳಲು ಮುಂದೆ ಬಂದವಳು ಅತ್ತೆಯ ಮುಖ ನೋಡಿ ನಿಂತುಬಿಟ್ಟಳು. ಆ ಮುದುಕಿ ತನ್ನಷ್ಟೇ ಹೆದರಿದ್ದರು.

“ತೋರಿಸಬೇಡ ಕಂದಾ. ಯಾವ ಮನೆ ಅಂತ ನನಗೆ ತೋರಿಸಬೇಡ” ಎಂದರು ಅತ್ತೆ. ಆಮೇಲೆ ಸೊಸೆಯ ಕಡೆ ತಿರುಗಿ, ದನಿ ಇಳಿಸಿ: “ಅವನು ಕೇಳೋ ರೀತಿ ನಿನಗೆ ಗೊತ್ತಲ್ಲ. ಈಗ ನೀನಿಲ್ಲ, ನನ್ನನ್ನೇ ಕೇಳೋದು. ನನಗೆ ಸುಳ್ಳು ಹೇಳೋಕೆ ಬರಲ್ಲ ಕಣೇ. ಮೊದಲಾಗಿದ್ರೆ ಕಣ್ಣು ಮಂಜು, ಏನೂ ಕಾಣಿಸಲಿಲ್ಲ ಅಂತ ಜಾರಿಕೊಳ್ಳಬಹುದಿತ್ತು. ಈಗ ಎಲ್ಲಾ ಚೆನ್ನಾಗಿ ಕಾಣ್ತದೆ. ಅದೇ ತೊಂದರೆಯಾಗಿರೋದು.”

ಅತ್ತೆಯ ರವಿಕೆಯ ತೋಳಿನ ಕೆಳಗೆ, ಮೊಣಕೈ ಹತ್ತಿರ, ಹಳದಿಗೆ ತಿರುಗಿದ ಒಂದು ಕಲೆಯಿತ್ತು. ಯಾವ ಬೆರಳು ಎಲ್ಲಿ ಒತ್ತಿದ್ದೆಂದು ಸೊಸೆ ಕಣ್ಣು ಮುಚ್ಚಿ ಹೇಳಬಲ್ಲವಳಾಗಿದ್ದಳು. ಅತ್ತೆ ಅದನ್ನು ಸೆರಗಿನಿಂದ ಮುಚ್ಚಿಕೊಂಡರು.

“ನಾಲ್ಕು ಗಂಟೆಗೆ ಬರ್ತಾನೆ” ಎಂದರು. “ನಾನು ಆಸ್ಪತ್ರೇಲಿ ಇಲ್ಲ ಅಂದ್ರೆ ಇಲ್ಲಿಗೇ ಹುಡುಕ್ಕೊಂಡು ಬರ್ತಾನೆ. ಅವನ ಹೊಸ ಫೋನಿಗೂ ಹಳೇದನ್ನೆಲ್ಲ ಹಾಗೇ ಸುರಿಸಿಕೊಟ್ಟಿದ್ದಾನಂತೆ ಫೋನಂಗಡಿಯವನು. ಹೋಗು. ಆ ಡಬ್ಬ ಆರಿಸು. ಅದಕ್ಕೆ ಮೊದಲು ಇದರಲ್ಲೂ ಆ ಹೆಸರು ಅಳಿಸಿಬಿಡು.”

ಟೈಪಿಸ್ಟಮ್ಮ ಫೋನು ತೆಗೆದುಕೊಂಡಳು. ‘ಈ ನೆಟ್‌ವರ್ಕನ್ನು ಮರೆಯಬೇಕೇ?’ ಎಂದು ಕೇಳಿತು. ಹೌದು ಎಂದು ಒತ್ತಿದಳು. “ನೀವೂ ಬನ್ನಿ ಅತ್ತೆ” ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅಲ್ಲೇ ನಿಂತಿತು. ಅವರು ಬಂದರೆ ಅವನು ಹಿಂದೆಯೇ ಬರುತ್ತಾನೆ. ಇಬ್ಬರಿಗೂ ಅದು ಗೊತ್ತಿತ್ತು. ಆ ಮಾತನ್ನು ಆಡದೆ ಇದ್ದುದಕ್ಕೆ ಅವಳಿಗೆ ನಾಚಿಕೆಯಾಯಿತು, ಆದರೂ ಆಡಲಿಲ್ಲ.

“ಬೀದಿ ಗೊತ್ತಾಯ್ತಲ್ಲ ನಿಮಗೆ” ಎಂದಷ್ಟೇ ಹೇಳಿದಳು.

“ಬೀದೀಲಿ ನೂರು ಬಾಗಿಲಿವೆ. ಯಾವ ಬೀದಿ ಅಂತ ಈ ತಲೇಲಿ ನಿಲ್ಲೋದೂ ಇಲ್ಲ ಬಿಡು.” ಅತ್ತೆ ಮಗುವಿನ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದು, ಹೊಸ ಕಣ್ಣಿಂದ ಇಷ್ಟಗಲ ನೋಡಿದರು. ಆಮೇಲೆ ಮಡಿಲಿನಿಂದ ಕೆಳಗಿಳಿಸಿದರು. ಬೆಂಚಿನ ಮೇಲೆಯೇ ಪೂರ್ತಿ ತಿರುಗಿ ಗೋಡೆಗೆ ಮುಖ ಮಾಡಿ, ಕಪ್ಪು ಕನ್ನಡಕದ ಮೇಲೆ ಎರಡೂ ಅಂಗೈ ಮುಚ್ಚಿಕೊಂಡರು. “ಹೋಗಿ. ನಾನು ನೋಡಲ್ಲ.”

ಮೆಣಸಿನ ಮುಖ ಅರಳಿತು. “ಕಣ್ಣಾಮುಚ್ಚಾಲೆ! ಅಮ್ಮಾ, ಅಜ್ಜಿ ಕಣ್ಣಾಮುಚ್ಚಾಲೆ ಆಡ್ತಿದ್ದಾಳೆ! ಅಜ್ಜಿ, ನೂರರವರೆಗೆ ಎಣಿಸಬೇಕು. ಮೋಸ ಮಾಡಬಾರದು!”

ಮುದುಕಿಯ ಹೆಗಲು ಒಮ್ಮೆ ಕುಸಿದು ಮತ್ತೆ ನೆಟ್ಟಗಾಯಿತು. “ಒಂದು” ಎಂದರು ಗೋಡೆಗೆ. “ಎರಡು.”

ಟೈಪಿಸ್ಟಮ್ಮ ಮಗಳನ್ನು ಎತ್ತಿಕೊಂಡು ಓಡಿದಳು. ಮೆಟ್ಟಿಲು ಹತ್ತುವಾಗಲೂ ಮೆಣಸು ಬಾಯಿಗೆ ಕೈ ಅಡ್ಡ ಹಿಡಿದು ಕಿಸಿಕಿಸಿ ನಗುತ್ತಿದ್ದಳು. ಬೀಗಕ್ಕೆ ಕೀಲಿ ಮೂರನೆಯ ಸಲಕ್ಕೆ ಹೋಯಿತು. ಒಳಗೆ ಬಂದವಳೇ ರೂಟರನ್ನು ತಿರುಗಿಸಿ ಹಳೆಯದನ್ನೆಲ್ಲ ಅಳಿಸುವ ಸೂಜಿತೂತಿಗಾಗಿ ತಡಕಾಡಿದಳು. ಪಿನ್ನು ಸಿಕ್ಕಿತು, ಕೈಯಿಂದ ಜಾರಿ ಬಿತ್ತು, ಮೇಜಿನಡಿ ಉರುಳಿತು. ಹೊರಗೆ ಕಾರೊಂದು ನಿಂತ ಸದ್ದು. ಆ ಬ್ರೇಕಿನ ಕೀರಲು ಅವಳಿಗೆ ಗೊತ್ತು. ನಾಲ್ಕು ಗಂಟೆಗೆ ಇನ್ನೂ ಹತ್ತು ನಿಮಿಷವಿತ್ತು. ಪಿನ್ನೂ ಬೇಡ, ತೂತೂ ಬೇಡ ಎಂದು ರೂಟರಿನ ತಂತಿಗಳನ್ನೆಲ್ಲ ಒಂದೇ ಹಿಡಿಯಲ್ಲಿ ಹಿಡಿದು ಕಿತ್ತೆಳೆದಳು. ಹಸಿರು ದೀಪ ಆರಿತು.

ಪರದೆಯ ಸಂದಿಯಿಂದ ನೋಡಿದಳು. ಈ ಸಲ ಅವನೇ. ಕಾರಿನ ಬಾಗಿಲು ತೆರೆದಿಟ್ಟು, ಅಮ್ಮನ ಮುಂದೆ ನಿಂತು ಏನೋ ಕೇಳುತ್ತಿದ್ದ. ಅವರು ಕೈಯಲ್ಲಿದ್ದ ಕಾಗದ ತೋರಿಸಿದರು. ಅವನು ಜೇಬಿನಿಂದ ಫೋನು ತೆಗೆದು ನೋಡಿದ. ನೋಡುತ್ತಲೇ ಇದ್ದ. ಆಮೇಲೆ ತಲೆ ಎತ್ತಿ, ಅವಸರವಿಲ್ಲದೆ, ಒಂದೊಂದೇ ಕಟ್ಟಡವನ್ನು ನೋಡತೊಡಗಿದ. ಟೈಪಿಸ್ಟಮ್ಮ ಪರದೆ ಬಿಡಲಿಲ್ಲ, ಬಿಟ್ಟರೆ ಅಲುಗಾಡುತ್ತದೆ. ಹಾಗೇ ಕಲ್ಲಾಗಿ ನಿಂತಳು. ಕೆಳಗೆ ಅತ್ತೆ ಅಯ್ಯೋ ಎಂದು ಕಣ್ಣು ಹಿಡಿದುಕೊಂಡು ಬೆಂಚಿನ ಮೇಲೆ ಬಾಗಿಬಿಟ್ಟರು. ಅವನು ಸಿಡುಕಿನಿಂದ ತಿರುಗಿ, ರಟ್ಟೆ ಹಿಡಿದು ಅವರನ್ನು ಎಬ್ಬಿಸಿದ. ಮೊಣಕೈ ಹತ್ತಿರ, ಅದೇ ಜಾಗದಲ್ಲಿ ಹಿಡಿದ. ಕಾರಿಗೆ ಹತ್ತುವವರೆಗೂ ಅತ್ತೆ ಒಮ್ಮೆಯೂ ಮೇಲೆ ನೋಡಲಿಲ್ಲ.

ಕಾರು ಹೋಗಿ ಎಷ್ಟೋ ಹೊತ್ತಿನ ಮೇಲೆ ಅವಳು ನೆಲದ ಮೇಲೆ ಕೂತಳು. ಪಿನ್ನು ಹುಡುಕಿದಳು. ತಂತಿ ಸಿಕ್ಕಿಸಿ, ಸೂಜಿತೂತಿಗೆ ಪಿನ್ನು ಒತ್ತಿ ಹಿಡಿದು, ದೀಪಗಳೆಲ್ಲ ಒಮ್ಮೆಲೇ ಆರಿ ಮತ್ತೆ ಬರುವವರೆಗೂ ಕಾದಳು. ಹೊಸ ಹೆಸರು ಕೇಳಿತು. ಯಾವ ಅರ್ಥವೂ ಇಲ್ಲದ ಏಳು ಅಕ್ಷರ ಒತ್ತಿದಳು. ಈಗ ಪಟ್ಟಿಯಲ್ಲಿ ಯಾರೂ ಇರಲಿಲ್ಲ.

ಮಂಚದ ಕೆಳಗಿನಿಂದ ಪಿಸುದನಿ ಬಂತು. “ಅಮ್ಮಾ, ಅಜ್ಜಿ ನೂರು ಮುಗಿಸಿರ್ತಾಳೆ ಅಲ್ವಾ? ಇನ್ನೂ ಯಾಕೆ ಬಂದಿಲ್ಲ?”

ಅವಳು ಪಿನ್ನನ್ನು ಮೇಜಿನ ಮೇಲಿಟ್ಟಳು.

“ಹುಡುಕ್ತಿದ್ದಾಳೆ ಪುಟ್ಟಾ” ಎಂದಳು. “ಸಿಗ್ತಿಲ್ಲ ನೀನು.”

“ಮತ್ತೆ ನೀನ್ಯಾಕೆ ಜೋರಾಗಿ ಮಾತಾಡ್ತೀಯಾ? ಗೊತ್ತಾಗ್ಬಿಡ್ತದೆ” ಎಂದು ಮೆಣಸು ಗದರಿ, ಶಾಲೆಯ ಬ್ಯಾಗನ್ನು ಎಳೆದು ತನ್ನ ಮುಂದೆ ಅಡ್ಡ ಇಟ್ಟುಕೊಂಡು, ಇನ್ನಷ್ಟು ಒಳಗೆ ಸರಿದು ಕೂತಳು.